ನನ್ನ ತಮ್ಮ ಹಿಡಿದು ತಂದ ಸದ್ದು

ದಸರೆ ಹತ್ತಿರ ಬಂದರೆ ಮೈಸೂರಿನ ಜನ ತಾರಸಿ ಹತ್ತಿ ಆಕಾಶ ನೋಡುತ್ತಾರೆ. ನಮ್ಮೂರಿನವರು ಆಗ ನೀಲಗಿರಿ ತೋಪಿನ ಕಡೆ ನೋಡುತ್ತೇವೆ. ಏರ್ ಶೋ ಅಂದರೆ ಬೇರೆಯವರಿಗೆ ಸಂಭ್ರಮ, ಪಾಸಿಗಾಗಿ ಪರದಾಟ, ಮೊಬೈಲಿಗೆ ಹಾಕಿಕೊಳ್ಳಲು ಒಂದು ಫೋಟೋ. ನಾನು ಆ ಮಾತು ಕಿವಿಗೆ ಬಿದ್ದರೆ ಸಾಕು, ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿ ಬರುತ್ತೇನೆ. ಯಾಕೆ ಅಂತ ಕೇಳಿದವರಿಗೆಲ್ಲ ನಿಂತಲ್ಲೇ ಹೇಳಿ ಮುಗಿಸುವ ವಿಷಯವಲ್ಲ ಇದು. ವಿಮಾನ ಹಾರಿಸುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಪಾಡಿಗೆ ಅವರು ತಮ್ಮ ಕೆಲಸ ಮಾಡಿಕೊಂಡು ಹೋದರು.

ನಾನು ಪ್ರೈಮರಿ ಶಾಲೆಯ ಟೀಚರಾಗಿದ್ದವಳು. ಹಂಪಾಪುರದ ಕಡೆ ಒಂದಷ್ಟು ವರ್ಷ, ಹುಣಸೂರು ತಾಲ್ಲೂಕಿನಲ್ಲಿ ಒಂದಷ್ಟು ವರ್ಷ ಮಗ್ಗಿ ಹೇಳಿಕೊಟ್ಟು ಗಂಟಲು ಹರಿದುಕೊಂಡೆ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಹೆಡ್‌ಮಾಸ್ಟರಿಂದ ಹಿಡಿದು ಅಡುಗೆಯವಳವರೆಗೂ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ನನಗೇನಂತೆ. ರಿಟೈರಾದ ಮೇಲೆ ತವರಿಗೇ ಬಂದು ತಮ್ಮನ ಮನೆಯ ಮಗ್ಗುಲಲ್ಲಿ ಒಂದು ಪುಟ್ಟ ತಾರಸಿ ಮನೆ ಕಟ್ಟಿಸಿಕೊಂಡೆ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಾಯಿಸಿ ಎನ್. ಬೇಗೂರಿನ ಕಡೆ ಹೋಗುವಾಗ ಸಿಗುವ ಊರು ನಮ್ಮದು. ಮನೆಗಳ ಹಿಂದೆ ಹೊಲ, ಹೊಲದ ಆಚೆ ನೀಲಗಿರಿ ತೋಪು, ತೋಪು ದಾಟಿದರೆ ಆನೆ ಕಂದಕ, ಅದರಾಚೆ ಕಾಡು. ಕಂದಕ ತೋಡಿದ ವರ್ಷ ನಾವು ಹಬ್ಬ ಮಾಡಿದ್ದೆವು. ಆನೆಗಳು ಒಂದೆರಡು ಮಳೆಗಾಲ ಸುಮ್ಮನಿದ್ದು, ಮಣ್ಣು ಕುಸಿದ ಜಾಗ ನೋಡಿಕೊಂಡು ಇಳಿದು ಹತ್ತುವುದನ್ನು ಕಲಿತವು.

ಮನೆಯಲ್ಲಿ ತಮ್ಮ, ಅವನ ಹೆಂಡತಿ ಇಬ್ಬರೇ. ಮಗಳನ್ನು ಪಿರಿಯಾಪಟ್ಟಣಕ್ಕೆ ಕೊಟ್ಟಿತ್ತು. ತಮ್ಮ ಮಾತಿನವನು, ಹುರುಪಿನವನು, ಏನಾದರೂ ಒಂದು ತಲೆಗೆ ಹೊಕ್ಕರೆ ಊಟ ನಿದ್ದೆ ಬಿಟ್ಟು ಅದರ ಹಿಂದೆ ಬೀಳುವವನು. ಅವನ ಹೆಂಡತಿ ನಗುಮುಖದ ಹೆಂಗಸು, ನನ್ನ ಬಾಯಿಗೆ ಹೆದರದ ಒಬ್ಬಳೇ ಒಬ್ಬಳು. ನಾನು ರೇಗಿದರೆ 'ಟೀಚರಮ್ಮನಿಗೆ ಇವತ್ತು ಕಾಪಿ ಸಾಲ್ದು' ಅಂತ ಗೋಡೆಯ ಆಚೆಯಿಂದ ಅಂದು ಒಂದು ಲೋಟ ತಂದಿಡುತ್ತಿದ್ದಳು.

ಮೊದಲ ಸಲ ಏರ್ ಶೋ ನೋಡಲು ಹೋದದ್ದು ನಾವು ಮೂವರೂ ಸೇರಿ. ಆಗಿನ್ನೂ ಅದು ಈಗಿನಷ್ಟು ದೊಡ್ಡದಲ್ಲ. ಪಂಜಿನ ಕವಾಯತು ನಡೆಯುವ ಮೈದಾನದಲ್ಲಿ ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದು, ಕಡಲೆಕಾಯಿ ತಿನ್ನುತ್ತಾ ಕುಳಿತೆವು. ಹೆಲಿಕಾಪ್ಟರಿನಿಂದ ಹೂವಿನ ದಳ ಸುರಿಸುತ್ತಾರೆ ಅಂತ ಮೈಕಿನಲ್ಲಿ ಹೇಳಿದರು. ಹೂವೆಲ್ಲ ಗಾಳಿಗೆ ಸಿಕ್ಕಿ ರಸ್ತೆಯ ಕಡೆ ಹೋಯಿತು, ನಮ್ಮ ತಲೆಗೆ ಬಿದ್ದದ್ದು ಧೂಳು. ಸೈನಿಕರು ಹಗ್ಗ ಹಿಡಿದು ಜಾರಿದರು. ಆಮೇಲೆ ಎತ್ತರದಲ್ಲಿದ್ದ ವಿಮಾನದಿಂದ ಒಬ್ಬೊಬ್ಬರಾಗಿ ಪ್ಯಾರಾಚೂಟು ಕಟ್ಟಿಕೊಂಡು ಧುಮುಕಿದರು. ಜನ ಶಿಳ್ಳೆ ಹೊಡೆಯುತ್ತಿದ್ದರೆ ತಮ್ಮನ ಹೆಂಡತಿ ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು.

"ಅತ್ಗೆ, ಆ ಐಕ್ಳ ಅವ್ವದೀರು ಎಲ್ಲವ್ರೋ, ಇದ್ನೆಲ್ಲ ಎಂಗ್ ತಡ್ಕಂಡವ್ರೋ," ಅಂದಳು. ಕೊನೆಯವನು ನೆಲಕ್ಕೆ ಕಾಲೂರುವವರೆಗೂ ಅವಳು ಕಣ್ಣು ತೆರೆಯಲಿಲ್ಲ.

ಎಲ್ಲ ಮುಗಿಯಿತು ಅನ್ನುವಾಗ ಜೆಟ್ ವಿಮಾನಗಳು ಬಂದವು. ಮೊದಲು ಏನೂ ಕೇಳಿಸಲಿಲ್ಲ. ಕಣ್ಣಿಗೆ ಬಿದ್ದು, ತಲೆಯ ಮೇಲೆ ಹಾದು, ಆಮೇಲೆ ಸದ್ದು ಬಂತು. ಬಟ್ಟೆ ಹರಿದ ಹಾಗೆ, ಎದೆಗೂಡಿನೊಳಗೇ ಯಾರೋ ಹರಿದ ಹಾಗೆ. ಕೂಸುಗಳೆಲ್ಲ ಕಿರುಚಿಕೊಂಡವು. ತಮ್ಮ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದ. ಬಸ್ಸಿನಲ್ಲಿ ಊರಿಗೆ ಬರುವವರೆಗೂ ಆ ಮಾತಿನಮಲ್ಲ ಬಾಯಲ್ಲೇ ಆ ಸದ್ದು ಹೊರಡಿಸಿ ಹೊರಡಿಸಿ ನೋಡುತ್ತಿದ್ದ.

ಊರಿಗೆ ಬಂದರೆ ಜಗಲಿಗಳ ಮೇಲೆ ಜನ ಸೇರಿದ್ದಾರೆ. ಆ ವಿಮಾನಗಳು ಮೈಸೂರಿಗೆ ಬರುವ ದಾರಿಯಲ್ಲಿ ನಮ್ಮ ಕಾಡಂಚಿನ ಮೇಲೇ ಹಾದುಹೋಗಿದ್ದವು. ಬೆಳಗ್ಗೆಯಿಂದ ತೋಪಿನಲ್ಲಿ ನಿಂತು ಯಾರನ್ನೂ ಹೊಲಕ್ಕೆ ಬಿಡದಿದ್ದ ಆನೆ ಹಿಂಡು ಆ ಸದ್ದಿಗೆ ಬಾಲ ಎತ್ತಿಕೊಂಡು ಕಂದಕದ ಕಡೆ ಬಿದ್ದಂಬೀಳ ಓಡಿತಂತೆ. ಮರಿಯನ್ನು ನಡುವೆ ಹಾಕಿಕೊಂಡು, ಘೀಳಿಡುತ್ತಾ, ತಿರುಗಿಯೂ ನೋಡದೆ ಓಡಿತು ಅಂತ ಕಂಡವರೆಲ್ಲ ಮೇಲೆ ಬಿದ್ದು ಹೇಳಿದರು. ಪಟಾಕಿಗೆ ಜಗ್ಗದ, ತಮಟೆಗೆ ಜಗ್ಗದ ಆನೆಗಳು. ತಮ್ಮ ಮುದ್ದೆ ಮುರಿಯುವುದನ್ನೂ ಮರೆತು ಕೇಳಿಸಿಕೊಂಡ. ಅವನ ತಲೆಗೆ ಹುಳ ಹೊಕ್ಕಿದ್ದು ಆವತ್ತೇ.

ಮುಂದಿನ ದಸರೆಗೆ ಅವನು ಒಬ್ಬನೇ ಹೋದ. ಕಿಸೆಯಲ್ಲಿ ಹೊಸ ಮೊಬೈಲು. ಜೆಟ್ಟುಗಳು ಬಂದಾಗ ಅದನ್ನು ತಲೆಯ ಮೇಲೆತ್ತಿ ಹಿಡಿದು ಸದ್ದು ತುಂಬಿಸಿಕೊಂಡು ಬಂದ. ಹ್ಯಾಂಡ್‌ಪೋಸ್ಟಿನ ಮೈಕ್‌ಸೆಟ್ಟಿನವನ ಹತ್ತಿರ ಒಂದು ಹಳೇ ಆಂಪ್ಲಿಫೈಯರು, ಅಗಲ ಬಾಯಿಯ ಒಂದು ಹಾರನ್ನು ತಂದ. ಅದಕ್ಕೆ ಟ್ರ್ಯಾಕ್ಟರಿನ ಬ್ಯಾಟರಿ. ಹೊಲದ ಅಂಚಿನ ಹೊಂಗೆ ಮರದಲ್ಲಿ ಕಾವಲಿಗೆ ಅಂತ ಅಟ್ಟಣೆ ಇತ್ತು, ಅದರ ಮೇಲೆ ಹಾರನ್ನು ಕಟ್ಟಿದ. ಮುಸುಕಿನ ಜೋಳ ಹಾಲುಗಟ್ಟಿದ್ದ ಕಾಲ. ಸಂಜೆ ದನ ಕೊಟ್ಟಿಗೆ ಸೇರುವ ಹೊತ್ತಿಗೆ ತೋಪಿನಲ್ಲಿ ಕೊಂಬೆ ಮುರಿಯುವ ಸದ್ದಾಯಿತು. ಗಂಡ ಹೆಂಡತಿ ಇಬ್ಬರೂ ಅಟ್ಟಣೆ ಹತ್ತಿದರು. ಅವಳು ಬ್ಯಾಟರಿಗೆ ತಂತಿ ಮುಟ್ಟಿಸಬೇಕು, ಅವನು ಮೊಬೈಲು ಒತ್ತಬೇಕು.

ನಾನು ತಾರಸಿಯ ಮೇಲೆ ನಿಂತಿದ್ದೆ. ಆ ಸದ್ದು ಹೊರಟಾಗ ಗೊತ್ತಿದ್ದೂ ನಾನು ತಲೆ ಎತ್ತಿ ಆಕಾಶ ನೋಡಿದೆ. ಆನೆಗಳು ಓಡಿದವು. ತೋಪಿನ ಮರಗಳು ಅಲ್ಲಾಡುತ್ತಾ ಅಲ್ಲಾಡುತ್ತಾ ಕಂದಕದವರೆಗೂ ಹೋದದ್ದನ್ನು ನಾನೇ ಕಂಡೆ. ಊರಿನ ಜನ ಕುಣಿದಾಡಿಬಿಟ್ಟರು. ಆವತ್ತಿನಿಂದ ನನ್ನ ತಮ್ಮನಿಗೆ 'ಇಮಾನ್ದೋನು', ವಿಮಾನದವನು, ಅಂತ ಹೆಸರಾಯಿತು.

ಸುದ್ದಿ ಹರಡುವುದಕ್ಕೆ ಎಷ್ಟು ಹೊತ್ತು ಬೇಕು? ಬೇಗೂರಿನ ಕಡೆಯವರು ಬಂದರು, ಹಂಪಾಪುರದ ಕಡೆಯವರು ಬಂದರು, ಕಾಡಂಚಿನ ಊರೂರಿನವರು ಬಂದು ಮೊಬೈಲು ಮುಂದೆ ಹಿಡಿದರು. ಕೆ.ಆರ್. ನಗರದ ಕಡೆಯ ನಂಟರೊಬ್ಬರು ಕಬ್ಬಿಗೆ ಬೀಳುವ ಹಂದಿಗೂ ಇದು ಆಗುತ್ತದಾ ಅಂತ ಕೇಳಿ ತುಂಬಿಸಿಕೊಂಡು ಹೋದರು. ತಮ್ಮ ಯಾರಿಗೂ ಇಲ್ಲ ಅನ್ನಲಿಲ್ಲ. ಮದುವೆಯ ಮನೆಯಲ್ಲಿ ಎಲೆ ಮುಂದೆ ನಿಂತು ಬಡಿಸುವವನ ಹಾಗೆ ಒತ್ತಾಯ ಮಾಡಿ ಹಂಚಿದ. ಅವರೂ ಬೆಳೆ ಮಾಗುವ ಕಾಲಕ್ಕೆ ಹೊಲಹೊಲದಲ್ಲಿ ಹಾರನ್ನು ಕಟ್ಟಿದರು. ಹೊತ್ತು ಮುಳುಗುವ ಸಮಯಕ್ಕೆ ಆ ದಿಕ್ಕಿನಿಂದ ಒಂದು, ಈ ದಿಕ್ಕಿನಿಂದ ಒಂದು ಏರ್ ಶೋ ನಡೆಯತೊಡಗಿತು.

ಇದರ ಜೊತೆಗೇ ಊರಿನಲ್ಲಿ ಒಂದು ಹೊಸ ಪದ್ಧತಿ ಹುಟ್ಟಿಕೊಂಡಿತು. ಅದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಆನೆ ಕಾಟ ಶುರುವಾದ ಮೇಲೆ ಸಂಜೆ ಹೊತ್ತು ಹೆಂಗಸರು ಹೊಲದ ಕಡೆ ಕಾಲಿಡುವಂತಿರಲಿಲ್ಲ. ಮೇಯಲು ಕಟ್ಟಿದ ಹಸು ಬಿಚ್ಚಿ ತರಬೇಕು, ಒಂದು ಹೊರೆ ಹುಲ್ಲು ಕೊಯ್ಯಬೇಕು, ಸೌದೆ ಆಯಬೇಕು, ಬಹಿರ್ದೆಸೆಗೆ ಹೋಗಬೇಕು, ಎಲ್ಲಕ್ಕೂ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಈಗ ಸದ್ದು ಹಾಕಿದೊಡನೆ ಆನೆ ಓಡುತ್ತದೆ, ಆಗ ಹೋಗಿ ಬಂದರೆ ಭಯವಿಲ್ಲ ಅಂತ ಆಯಿತು. ಹಾರನ್ನು ಹೊಡೆದುಕೊಳ್ಳುತ್ತಿರುವಾಗಲೇ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಂಗಸರು ಗುಂಪಾಗಿ ಹೊರಡುತ್ತಿದ್ದರು. ತಂತಿ ಮುಟ್ಟಿಸಿಕೊಟ್ಟು ಅಟ್ಟಣೆ ಇಳಿದುಬಂದು ಎಲ್ಲರಿಗಿಂತ ಮುಂದೆ ನಡೆಯುವವಳು ನನ್ನ ತಮ್ಮನ ಹೆಂಡತಿ. ಅವಳ ಗಂಡನ ಸದ್ದು ತಾನೆ, ಅವಳಿಗೆ ಅದರ ಮೇಲೆ ತಾಳಿಯಷ್ಟೇ ನಂಬಿಕೆ. ಸದ್ದು ನಿಂತ ಮೇಲೆ ಹೊರಗೆ ಹೋಗುವುದು ಅಪಾಯ, ಸದ್ದಿರುವಾಗ ಕ್ಷೇಮ. ಊರಿನ ಹೆಂಗಸರ ತಲೆಯಲ್ಲಿ ಇದು ಗಟ್ಟಿಯಾಗಿ ಕೂತುಬಿಟ್ಟಿತು. ಕಿವಿ ಕಿವುಡಾಗುವ ಗದ್ದಲದಲ್ಲಿ ಹಿಂದೆ ಏನು ಬಂದರೂ ಕೇಳಿಸುವುದಿಲ್ಲವಲ್ಲ ಅಂತ ನಾನು ಕೂಗಾಡುತ್ತಿದ್ದೆ. ಅವಳು ನಗುತ್ತಿದ್ದಳು.

ಏರ್ ಶೋ ಬೆಳೆಯುತ್ತಾ ಹೋಯಿತು. ಜನ ಹೆಚ್ಚಾದರು, ಪಾಸು ಬಂತು, ಟೀವಿಯವರು ಬಂದರು, ಮೈದಾನದ ಸುತ್ತಲ ಮನೆಗಳ ತಾರಸಿಗಳಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಪ್ರದರ್ಶನದ ಹಿಂದಿನ ದಿನದ ತಾಲೀಮು ನೋಡಲೂ ಜನ ಮುಗಿಬೀಳುತ್ತಿದ್ದರು. ತಮ್ಮ ಒಂದು ವರ್ಷವೂ ತಪ್ಪಿಸಲಿಲ್ಲ. ಒಂದು ಸಲ ನನ್ನನ್ನೂ ಎಳೆದುಕೊಂಡು ಹೋದ. ಆಕಾಶದಲ್ಲಿ ವಿಮಾನಗಳು ಸಾಲಾಗಿ ಬಂದಾಗ ಮೈದಾನದ ಎಲ್ಲ ತಲೆಗಳೂ ಮೇಲಕ್ಕೆದ್ದವು. ನಾನು ಪಕ್ಕಕ್ಕೆ ತಿರುಗಿ ನೋಡುತ್ತೇನೆ, ಇವನು ಮೊಬೈಲು ಎತ್ತಿ ಹಿಡಿದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಾನೆ. ಯಾಕೋ ನೋಡುವುದಿಲ್ಲವಾ ಅಂದರೆ, ನೋಡಿದರೆ ಕಿವಿ ಮಂದವಾಗುತ್ತದೆ ಅಂದ. ಹೆಲಿಕಾಪ್ಟರು ಅವನಿಗೆ ಲೆಕ್ಕಕ್ಕಿಲ್ಲ, ಅದು ಬರೀ ಡಬಡಬ. ಗುಂಪಾಗಿ ಬರುವ ಜೆಟ್ಟುಗಳು ಪರವಾಗಿಲ್ಲ. ಜನರ ಬೆನ್ನ ಹಿಂದಿನಿಂದ ಒಂದೇ ಒಂದು ಕೆಳಮಟ್ಟದಲ್ಲಿ ಸೀಳಿಕೊಂಡು ಬರುತ್ತದಲ್ಲ, ಅದು ಸದ್ದು ಅಂದರೆ. ಅವನು ಹಾಗೆ ಹೇಳುತ್ತಿದ್ದಾಗ ಆ ಮುಖ ನೋಡಿ ನನಗೆ ಯಾಕೋ ಭಯವಾಯಿತು. ಅಷ್ಟು ಜನರ ನಡುವೆ ಕಣ್ಣು ಮುಚ್ಚಿ ನಿಂತಿದ್ದವನು ಅವನೊಬ್ಬನೇ.

ಕೊರೊನಾ ಬಂತು, ದಸರೆ ಅರಮನೆಯೊಳಗೇ ಮುಗಿಯಿತು, ಆಕಾಶ ಖಾಲಿಯಾಯಿತು. ಕಾಡಂಚಿನ ಊರುಗಳಲ್ಲಿ ಮಾತ್ರ ಹಳೇ ಸದ್ದೇ ಸುತ್ತಿ ಸುತ್ತಿ ಮೊಳಗಿತು. ಆಗಲೇ ಆನೆಗಳ ಓಟ ನಡಿಗೆಯಾಗಿತ್ತು. ತಮ್ಮನಿಗೆ ಅದು ಕಾಣುತ್ತಿರಲಿಲ್ಲವೋ, ಕಂಡರೂ ಒಪ್ಪಿಕೊಳ್ಳಲಿಲ್ಲವೋ. ಏರ್ ಶೋ ಮತ್ತೆ ಶುರುವಾದಾಗ ಹಿಂದೆಂದಿಗಿಂತ ದೊಡ್ಡದಾಗಿ ಬಂತು. ಕೆಂಪು ಬಿಳಿ ಬಣ್ಣದ ವಿಮಾನಗಳು ಒಂದರ ರೆಕ್ಕೆಗೆ ಒಂದು ತಾಗುತ್ತದೇನೋ ಅನ್ನುವಷ್ಟು ಹತ್ತಿರ ಹಾರಿ, ಬಾವುಟದ ಬಣ್ಣದ ಹೊಗೆ ಬಿಟ್ಟವು. ತಮ್ಮ ಹೊಸ ಸದ್ದು ತಂದ. ಅದನ್ನೂ ಎಲ್ಲರಿಗೂ ಹಂಚಿದ.

ಆ ವರ್ಷವೇ ನಾನು ಆ ಒಂಟಿ ಸಲಗವನ್ನು ಮೊದಲು ನೋಡಿದ್ದು. ಹೊತ್ತು ಮುಳುಗಿದ ಮೇಲೆ ನಮ್ಮೂರಿನಲ್ಲಿ ಆನೆ ಅನ್ನುವುದಿಲ್ಲ, 'ದೊಡ್ಡೋರು ಬಂದವ್ರೆ' ಅನ್ನುತ್ತಾರೆ. ಆವತ್ತು ಹಾಗೆ ಯಾರೋ ಅಂದದ್ದು ಕೇಳಿ ತಾರಸಿ ಹತ್ತಿದೆ. ಇನ್ನೂ ಬೆಳಕಿತ್ತು. ಹಾರನ್ನು ಮೊಳಗಿತು. ಹೆಣ್ಣಾನೆಗಳು ಹಿಂದೆ ಸರಿದವು. ಇದೊಂದು ಮಾತ್ರ ನಿಂತಲ್ಲೇ ನಿಂತು, ಮೊರದಂಥ ಕಿವಿ ಅಗಲಿಸಿ, ಸದ್ದು ಬರುತ್ತಿದ್ದ ಹೊಂಗೆ ಮರದ ಕಡೆ ಮುಖ ತಿರುಗಿಸಿತು. ಓಡಲೂ ಇಲ್ಲ, ಮುನ್ನುಗ್ಗಲೂ ಇಲ್ಲ. ಸೊಂಡಿಲು ಎತ್ತಿ ಗಾಳಿ ಎಳೆದುಕೊಂಡು, ಪೂರ್ತಿ ಕೇಳಿಸಿಕೊಂಡು, ಆಮೇಲೆ ನಿಧಾನವಾಗಿ ತೋಪಿನೊಳಗೆ ಹೋಯಿತು. ಆ ಮರದ ಮೇಲೆ ನನ್ನ ತಮ್ಮ, ಅವನ ಹೆಂಡತಿ ಕೂತಿದ್ದರು.

ಮುಂದಿನ ಸಂಜೆ ಅದು ಇನ್ನಷ್ಟು ಹತ್ತಿರ ಬಂತು. ಅದರ ಮುಂದಿನ ಸಂಜೆ ಜೋಳದ ಅಂಚಿಗೇ ಬಂತು. ಸದ್ದು ಹಾಕದ ಸಂಜೆ ಅದು ತೋಪು ಬಿಟ್ಟು ಬರುತ್ತಲೇ ಇರಲಿಲ್ಲ. ನಾನು ದಿನವೂ ನೋಡಿದೆ, ನೋಡಿ ನೋಡಿ ಒಂದು ದಿನ ನನಗೆ ಹೊಳೆಯಿತು. ಶಾಲೆಯಲ್ಲಿ ಬಿಸಿಯೂಟದ ಗಂಟೆ ಹೊಡೆದರೆ ಮಕ್ಕಳು ಏನು ಮಾಡುತ್ತಾರೆ? ಮೊದಲ ದಿನ ಒಂದನೇ ಕ್ಲಾಸಿನ ಕೂಸು ಆ ಸದ್ದಿಗೆ ಬೆಚ್ಚಿ ಅಳುತ್ತದೆ. ನಾಲ್ಕು ದಿನ ಕಳೆದರೆ ತಟ್ಟೆ ಹಿಡಿದು ಅದೇ ಮೊದಲು ಓಡುತ್ತದೆ. ಈ ಸದ್ದನ್ನು ನಮ್ಮ ಜನ ಯಾವಾಗ ಹಾಕುತ್ತಾರೆ? ಬೆಳೆ ಮಾಗಿದಾಗ, ಮಾಗಿದ ಬೆಳೆಯ ನಡುವೆಯೇ ನಿಂತು ಹಾಕುತ್ತಾರೆ. ಎಲ್ಲಿ ಸದ್ದೋ ಅಲ್ಲಿ ಜೋಳ ಅಂತ ಊರೂರೂ ಸೇರಿ ಆ ಪ್ರಾಣಿಗೆ ಹೇಳಿಕೊಟ್ಟಿದ್ದೆವು.

ತಮ್ಮನನ್ನು ಕೂರಿಸಿಕೊಂಡು ಹೇಳಿದೆ. ನೀನು ಬಾರಿಸ್ತಿರೋದು ಬಿಸಿಯೂಟದ ಗಂಟೆ ಕಣೋ, ಅದು ಊಟಕ್ಕೆ ಬರ್ತಾ ಇದೆ, ಒಂದು ದಿನ ಮರದ ಬುಡಕ್ಕೇ ಬರುತ್ತೆ, ನಿಮ್ಮಿಬ್ಬರ ಗತಿ ಏನು ಅಂತ ಕೇಳಿದೆ. ಅವನಿಗೆ ಕೆಂಡದಂಥ ಸಿಟ್ಟು ಬಂತು.

"ನಿನ್ ಮೇಷ್ಟ್ರು ಬುದ್ದಿ ನೀನ್ ಬುಡಾಕಿಲ್ಲ ಬುಡಕ್ಕ. ಅದ್ಕೆ ಅಳೇ ಸದ್ದು ರೂಢಿಯಾಗ್ಬುಟ್ಟದೆ, ಅಷ್ಟೇಯ. ಬರೋ ದಸ್ರೇಲಿ ಬ್ಯಾರೇದು ತತ್ತೀನಿ. ಓಡ್ನಿಲ್ಲ ಅಂದ್ರೆ ಆಗ್ ಕೇಳು."

ಆಮೇಲೆ ನಮ್ಮಿಬ್ಬರ ನಡುವೆ ಮಾತು ನಿಂತಿತು. ಗೋಡೆಯ ಆಚೆಯಿಂದ ಕಾಫಿ ಲೋಟ ಮಾತ್ರ ಬರುತ್ತಿತ್ತು. ಅವಳಿಗೂ ಹೇಳಿ ನೋಡಿದೆ. ಅವಳು ಎಲ್ಲವನ್ನೂ ಕೇಳಿ, ನಿಮ್ಮ ತಮ್ಮ ನನ್ನ ಮಾತು ಕೇಳಿದ್ದು ಯಾವತ್ತು ಅತ್ಗೆ ಅಂತ ಅಂದು, ಪಾತ್ರೆ ಬೆಳಗುವುದಕ್ಕೆ ಕೂತಳು. ಕೆಲವೇ ದಿನಕ್ಕೆ, ಅಟ್ಟಣೆಯಲ್ಲಿ ಯಾರೂ ಇಲ್ಲದ ಒಂದು ಬೆಳಗಿನ ಜಾವ, ಸಲಗ ಬಂದು ಹೊಂಗೆ ಕೊಂಬೆ ಸಮೇತ ಹಾರನ್ನು ಎಳೆದು ಕೆಡವಿತು. ನಾವು ಹೋಗಿ ನೋಡಿದಾಗ ಆ ಅಗಲ ಬಾಯಿಯ ತಗಡು ರೊಟ್ಟಿಯಾಗಿ ಮಣ್ಣಿಗೆ ಒತ್ತಿಕೊಂಡಿತ್ತು. ಊರಿನವರು ಅದರ ಸಿಟ್ಟು ತೀರಿತು ಅಂದರು. ತಮ್ಮ ಹ್ಯಾಂಡ್‌ಪೋಸ್ಟಿಗೆ ಹೋಗಿ ಜೋಡಿ ಹಾರನ್ನು ತಂದ.

ಹೋದ ವರ್ಷದ ದಸರೆ ಬಂತು. ತಾಲೀಮಿನ ದಿನ ಬೆಳಗ್ಗೆಯೇ ಫಾರೆಸ್ಟಿನವರು ಜೀಪಿನಲ್ಲಿ ಬಂದು ಬೀದಿ ಬೀದಿಯಲ್ಲಿ ಕೂಗಿ ಹೇಳಿದರು: ಸಲಗ ತೋಪಿನಲ್ಲೇ ನಿಂತಿದೆ, ಸಂಜೆ ನಾವು ಅದನ್ನು ಕಾಡಿಗೆ ಅಟ್ಟುವವರೆಗೂ ಯಾರೂ ಹೊಲದ ಕಡೆ ಹೋಗಬೇಡಿ. ಅಂಥ ದಿನ ಊರಿಗೆ ಊರೇ ಪಿಸುಮಾತಿನಲ್ಲಿ ಬದುಕುತ್ತದೆ. ಗಾಡಿಯವರು ಹಾರನ್ನು ಮಾಡುವುದಿಲ್ಲ, ಮಕ್ಕಳನ್ನು ಒಳಗೆ ಕೂಡಿಹಾಕುತ್ತಾರೆ, ನಾಯಿ ಬೊಗಳಿದರೂ ಗದರುತ್ತಾರೆ. ತಮ್ಮ ಮಾತ್ರ ಇಸ್ತ್ರಿ ಶರಟು ಹಾಕಿಕೊಂಡು ಮೈಸೂರಿಗೆ ಹೊರಟು ನಿಂತಿದ್ದ. ತಾಲೀಮಿನ ದಿನ ಪ್ರದರ್ಶನದ ದಿನಕ್ಕಿಂತ ಜನರ ಗದ್ದಲ ಕಡಿಮೆ, ಸದ್ದು ಶುದ್ಧವಾಗಿ ಸಿಗುತ್ತದೆ ಅನ್ನುವುದು ಅವನ ಲೆಕ್ಕ. ಅಷ್ಟು ತಿಂಗಳ ಮುನಿಸು ಬಿಟ್ಟು ನಾನೇ ಬೀದಿಗೆ ಇಳಿದೆ. ಇವತ್ತೊಂದು ದಿನ ಮನೆಯಲ್ಲಿರು ಕಣೋ, ಅದು ತೋಪಿನಲ್ಲೇ ನಿಂತಿದೆ ಅಂದೆ.

"ಅದ್ಕೇ ಓಯ್ತಿರಾದು ಕಣಕ್ಕ," ಅಂದು ಬಸ್ಸಿಗೆ ನಡೆದ.

ತಮ್ಮನ ಹೆಂಡತಿ ಜೀಪು ಬರುವುದಕ್ಕೆ ಮುಂಚೆಯೇ ಹಸುವನ್ನು ಹೊಲದ ಬದುವಿನಲ್ಲಿ ಮೇಯಲು ಕಟ್ಟಿ ಬಂದಿದ್ದಳು. ಗಬ್ಬದ ಹಸು. ಅದರ ಕೂಗು ಕೇಳಿದಾಗಲೆಲ್ಲ ಅವಳು ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಸಂಜೆಯವರೆಗೂ ಅಲುಗಬೇಡ ಅಂತ ನಾನು ಹೇಳಿದ್ದೆ, ಇಲ್ಲ ಅತ್ಗೆ ಓಗಾಕಿಲ್ಲ ಅಂದಿದ್ದಳು. ಮಧ್ಯಾಹ್ನ ಕಳೆಯಿತು. ಗಾಳಿಯೇ ಇಲ್ಲ. ನಾನು ತಾರಸಿಯ ಮೇಲೆ ಒಣಗಲು ಹಾಕಿದ್ದ ಮೆಣಸಿನಕಾಯಿ ಬಾಚುವುದಕ್ಕೆ ಹತ್ತಿದವಳು, ತೋಪಿನ ಕಡೆಗೇ ಕಣ್ಣಿಟ್ಟು ಕೂತೆ. ಎಲೆಗಳ ನಡುವೆ ಒಂದು ಕಡೆ ಕಪ್ಪಗಿತ್ತು. ಅದು ನೆರಳೋ, ಅದೇನೋ, ನನಗೆ ಗೊತ್ತಾಗುತ್ತಿರಲಿಲ್ಲ.

ದಕ್ಷಿಣದ ಕಡೆಯಿಂದ ವಿಮಾನಗಳು ಬಂದವು. ತುಂಬ ಕೆಳಗೇನಲ್ಲ, ತಮ್ಮ ದಾರಿ ಹಿಡಿದು ಮೈಸೂರಿಗೆ ಹೋಗುತ್ತಿದ್ದವು. ಸದ್ದು ಮಾತ್ರ ಆ ದಿಕ್ಕು ಈ ದಿಕ್ಕು ಅಂತಿಲ್ಲದೆ ಇಡೀ ಆಕಾಶವನ್ನು ತುಂಬಿಕೊಂಡು ಬಂತು. ಕೆಳಗೆ ಹಿತ್ತಲಲ್ಲಿ ಅವಳ ದನಿ ಕೇಳಿಸಿತು.

"ಇನ್ನೇನಿಲ್ಲ ಬುಡಿ ಅತ್ಗೆ, ಈ ಸದ್ಗೆ ಕಾಡ್ ಸೇರ್ಕಂಡಿರ್ತದೆ. ಅಸ ಬಿಚ್ಕಂಡ್ ಬಂದ್ಬುಡ್ತೀನಿ."

ಹೋಗಬೇಡ ಅಂತ ಕಿರುಚಿದೆ. ಹಿಂದಿನಿಂದ ಇನ್ನೊಂದು ಸಾಲು ವಿಮಾನ ಬಂತು. ನನ್ನ ದನಿ ನನಗೇ ಕೇಳಿಸಲಿಲ್ಲ. ಅವಳು ಹೊಲದ ಬದುವಿನ ಮೇಲೆ ನಡೆಯುತ್ತಿದ್ದಳು, ಆರಾಮಾಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಆ ಸದ್ದಿರುವಾಗ ಇಷ್ಟು ವರ್ಷ ಹೇಗೆ ನಡೆದಿದ್ದಳೋ ಹಾಗೆ.

ತೋಪಿನಿಂದ ಸಲಗ ಹೊರಗೆ ಬಂತು. ಕಾಡಿನ ಕಡೆ ಬೆನ್ನು ಮಾಡಿ, ಹಾಡಹಗಲಿನಲ್ಲಿ, ಊರಿನ ಕಡೆ ಬಂತು. ಕಿವಿ ಅಗಲಿಸಿಕೊಂಡು, ಸೊಂಡಿಲನ್ನು ಮೇಲೆತ್ತಿ ಆ ಕಡೆ ಈ ಕಡೆ ಆಡಿಸುತ್ತಾ, ಅಷ್ಟು ದೊಡ್ಡ ಗಂಟೆ ಎಲ್ಲಿ ಹೊಡೆಯುತ್ತಿದೆ ಅಂತ ಹುಡುಕುತ್ತಾ ಬಂತು. ನಾನು ಎರಡು ಕೈಯನ್ನೂ ಎತ್ತಿ ಬೀಸಿದೆ. ಅಲ್ಲಿ, ಅಲ್ಲಿ ಅಂತ ಬೆರಳು ತೋರಿಸಿದೆ. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ವಿಮಾನ ತೋರಿಸುತ್ತಿದ್ದೇನೆ ಅಂದುಕೊಂಡಳು. ನಕ್ಕು, ಕಣ್ಣಿಗೆ ಕೈ ಅಡ್ಡ ಹಿಡಿದು, ತಲೆ ಎತ್ತಿ ಆಕಾಶ ನೋಡಿದಳು.

ಅದರ ಮುಂದಿನದನ್ನು ನಾನು ನೋಡಿದೆ, ಬರೆಯಲಾರೆ. ಅವಳು ತಿರುಗುವಷ್ಟರಲ್ಲಿ ಮುಗಿದಿತ್ತು. ಹಸು ಹಗ್ಗ ಹರಿದುಕೊಂಡು ಮನೆಗೆ ಓಡಿಬಂತು. ಸಲಗ ಅಲ್ಲೇ, ಅವಳಿಂದ ಒಂದು ಮಾರು ದೂರದಲ್ಲಿ ನಿಂತು ನಮ್ಮ ಜೋಳ ಮುರಿದು ತಿನ್ನತೊಡಗಿತು. ಅವಸರವಿಲ್ಲದೆ ತಿಂದಿತು. ಊರಿನ ಗಂಡಸರೆಲ್ಲ ಬದುವಿನ ಈಚೆ ನಿಂತಿದ್ದರು, ಯಾರೂ ಹತ್ತಿರ ಹೋಗುವಂತಿರಲಿಲ್ಲ. ಫಾರೆಸ್ಟಿನವರು ಬಂದು ಗಾಳಿಗೆ ಗುಂಡು ಹಾರಿಸಿ ಅದನ್ನು ಸರಿಸುವವರೆಗೂ ಅವಳು ಆ ಬಿಸಿಲಿನಲ್ಲಿ ಮಲಗಿದ್ದಳು. ಪಾಪಿ ಕಣ್ಣು ನನ್ನವು, ಮುಚ್ಚಲೇ ಇಲ್ಲ.

ನಾನು ಇನ್ನೂ ತಾರಸಿಯಿಂದ ಇಳಿದಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಹೊಡೆದುಕೊಂಡಿತು. ತಮ್ಮ. ಹಿಂದೆ ಜನರ ಗಲಾಟೆ, ಮೈಕಿನಲ್ಲಿ ಯಾರದೋ ಮಾತು.

"ಅಕ್ಕ, ಈ ಸಲ ಸಿಕ್ತು ಕಣಕ್ಕ. ಇಂಥ ಸದ್ದು ಯಾವ ವರ್ಸವೂ ಸಿಕ್ಕಿರ್ನಿಲ್ಲ. ಅವ್ಳ್ಗೆ ಯೋಳು, ಇನ್ನು ಅದು ನಮ್ಮೊಲದ ಕಡೆ ತಲೆ ಆಕಾಕಿಲ್ಲ ಅಂತ."

ನಾನು ಏನು ಹೇಳಿದೆನೋ ನೆನಪಿಲ್ಲ. ಬೇಗ ಬಾ ಅಂದಿರಬೇಕು.

ಅವನು ಬಂದ. ಮಗಳು ಪಿರಿಯಾಪಟ್ಟಣದಿಂದ ಬಂದಳು. ಮಾಡಬೇಕಾದ್ದೆಲ್ಲ ಮಾಡಿದೆವು. ಮಾರನೆಯ ದಿನ ಅವಳನ್ನು ಮಣ್ಣಿಗೆ ಒಯ್ಯುವ ಹೊತ್ತಿಗೆ ಸರಿಯಾಗಿ ವಿಮಾನಗಳು ಮತ್ತೆ ತಲೆಯ ಮೇಲೆ ಹಾದವು, ಆವತ್ತು ನಿಜವಾದ ಪ್ರದರ್ಶನ. ಒಬ್ಬರೂ ಮೇಲೆ ನೋಡಲಿಲ್ಲ. ಚಟ್ಟ ಹೊತ್ತವರೂ ತೋಪಿನ ಕಡೆಗೇ ಕಣ್ಣಿಟ್ಟು ಹೆಜ್ಜೆ ಹಾಕಿದರು.

ನಾನು ಅವನನ್ನು ಬೈಯುವ ಬದಲು ಎರಡು ಹೊತ್ತೂ ಮುದ್ದೆ ಮಾಡಿ ಬಡಿಸಿದೆ. ನನ್ನಂಥ ಬಾಯಿಬಡುಕಿಗೆ ಅದು ಹೇಗೆ ಸಾಧ್ಯವಾಯಿತೋ. ಹಾಲು ತುಪ್ಪ ಬಿಟ್ಟ ಮಾರನೆಯ ದಿನ ಅವನು ಮೊಬೈಲಿನಲ್ಲಿದ್ದದ್ದನ್ನೆಲ್ಲ ಅಳಿಸಿದ, ಜೋಡಿ ಹಾರನ್ನನ್ನು ಬಾವಿಗೆ ಎಸೆದ, ಬೈಕು ಹತ್ತಿದ. ತಾನು ಹಂಚಿದ ಊರುಗಳಿಗೆಲ್ಲ ಹೋಗಿ ಆ ಸದ್ದನ್ನು ಅಳಿಸಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ ಅಂತ ಬೇಡಿಕೊಂಡ. ಹಂಪಾಪುರದ ಕಡೆ ಕೆಲವರು ಅಯ್ಯೋ ಪಾಪ ಅಂತ ಅವನ ಎದುರೇ ಅಳಿಸಿದರು. ಅಳಿಸಿದವರು ಅದಾಗಲೇ ಯಾರ್ಯಾರಿಗೆ ಕಳಿಸಿದ್ದರೋ, ಅವರೂ ನೆನಪಿಟ್ಟುಕೊಂಡಿರಲಿಲ್ಲ. ಇನ್ನು ಕೆಲವರು ನಮ್ಮ ಕಡೆಯ ಆನೆ ಇನ್ನೂ ಓಡ್ತಾವೆ ಕಣಣ್ಣ, ನಿಮ್ಮೂರದ್ದು ಕೆಟ್ಟ ಗಳಿಗೆ ಅಂದರು. ದಿನಾ ಬೆಳಗ್ಗೆ ಹೋಗುತ್ತಿದ್ದ, ಸಂಜೆ ಮುಖ ಕಪ್ಪಗೆ ಮಾಡಿಕೊಂಡು ಬರುತ್ತಿದ್ದ. ಗಡ್ಡ ಬೆಳೆಯಿತು. ಇಮಾನ್ದೋನು ಅಂತ ಕರೆಯುತ್ತಿದ್ದವರು ಅವನ ಬೈಕಿನ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ವರ್ಷ ತಿರುಗಿ ಜೋಳ ಮತ್ತೆ ಹಾಲುಗಟ್ಟಿತು. ಮೊನ್ನೆ ಬೇಗೂರಿನ ಆಚೆಯ ಒಂದು ಊರಿಗೆ ಹೋಗಿದ್ದ. ಹೊಲದಲ್ಲಿ ಗಂಡಸರಿರಲಿಲ್ಲ, ಒಬ್ಬ ಹೆಂಗಸು ಹಾರನ್ನಿನ ಬ್ಯಾಟರಿ ಒರೆಸುತ್ತಾ ಕೂತಿದ್ದಳಂತೆ. ಇವನು ತನ್ನ ಮನೆಯಲ್ಲಾದದ್ದನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು. ಕೂರಿಸಿ ಮಜ್ಜಿಗೆ ಕೊಟ್ಟಳು. ಆಮೇಲೆ ಕೇಳಿದಳಂತೆ:

"ಇದ್ನ ನಿಲ್ಸುಬುಟ್ರೆ ನಾವು ಎಣ್ಣೈಕ್ಳು ಒತ್ ಮುಳುಗ್ದಾಗ ಒರಕ್ಕೆ ಎಂಗಣ್ಣ ಓಗಾದು?"

ಇದನ್ನು ನನಗೆ ಹೇಳುತ್ತಾ ಅವನು ಜಗಲಿಯ ಮೇಲೆ ಕುಸಿದು ಅತ್ತ. ಹೆಂಡತಿ ಹೋದ ಮೇಲೆ ಅವನು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಆ ಹೆಂಗಸಿಗೆ ನಾನು ಏನು ಹೇಳಬೇಕಾಗಿತ್ತು ಅಕ್ಕ ಅಂತ ಕೇಳಿದ. ನಾನು ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ಅವನ ಮುಂದಿಟ್ಟೆ. ಹೊತ್ತು ಇಳಿಯುತ್ತಿತ್ತು. ನಾವು ಹಾಗೇ ಕೂತಿರುವಾಗ ತೋಪಿನ ಆಚೆ ಬೇಗೂರಿನ ದಿಕ್ಕಿನಿಂದ ಸಣ್ಣಗೆ ಆ ಸದ್ದು ಶುರುವಾಯಿತು. ತಮ್ಮ ಎದ್ದು ನಿಂತ. ಯಾರದೋ ಮನೆಯ ಹೆಣ್ಣುಮಗಳು ಕುಡುಗೋಲು ಹಿಡಿದು ಹಿತ್ತಲ ಬಾಗಿಲು ದಾಟುತ್ತಿರುತ್ತಾಳೆ.